ಟ್ರ್ಯಾಕ್ಟರ್ ನೋಡುವ ಮುಂಚೆ ಮೆಕ್ಯಾನಿಕ್ ಮನೆ ನೋಡಿ

ನನ್ನದು ಚಳ್ಳಕೆರೆ ತಾಲ್ಲೂಕಿನಲ್ಲಿ ಒಂಬತ್ತು ಎಕರೆ ಮಳೆಯಾಶ್ರಿತ ಹೊಲ. ಆರೆಕರೆ ಕೆಂಪು ಮಸಾರೆ, ಮೂರೆಕರೆ ಎರೆ. ಶೇಂಗಾ ಮುಖ್ಯ ಬೆಳೆ. ನಡುವೆ ತೊಗರಿ ಸಾಲು, ಮನೆ ಊಟಕ್ಕೆ ಒಂದಿಷ್ಟು ರಾಗಿ, ಸಜ್ಜೆ. ನಾನು ಓದಿದ್ದು ಏಳನೇ ಕ್ಲಾಸು. ಯಂತ್ರದ ಒಳಗುಟ್ಟು ಬಲ್ಲವನಲ್ಲ. ಆದರೆ 2024ರಲ್ಲಿ ಒಂದು ಸಣ್ಣ ಟ್ರ್ಯಾಕ್ಟರ್ ಕೊಳ್ಳಲು ಹೋಗಿ ಎರಡು ತಿಂಗಳು ಅಲೆದೆ. ಆ ಅಲೆದಾಟದಲ್ಲಿ ತಿಳಿದಿದ್ದನ್ನು ನಾಲ್ಕು ಜನಕ್ಕೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮಪ್ಪ ಎತ್ತು ಕೊಳ್ಳುವಾಗ ಹಲ್ಲು ನೋಡೋರು, ಗೊರಸು ನೋಡೋರು, ಸುಳಿ ನೋಡೋರು. ಕೊನೆಗೆ ನೊಗಕ್ಕೆ ಕಟ್ಟಿ ನಾಲ್ಕು ಸಾಲು ಹೊಡೆಸದೆ ದುಡ್ಡು ಎಣಿಸ್ತಿರಲಿಲ್ಲ. ಇವತ್ತು ನಾವು ಆರೇಳು ಲಕ್ಷದ ಟ್ರ್ಯಾಕ್ಟರನ್ನು ಬಣ್ಣದ ಕಾಗದ ನೋಡಿ ಕೊಳ್ತೀವಿ.

ಇಪ್ಪತ್ತೇಳೋ, ಇಪ್ಪತ್ತೆಂಟೋ?

ನಮ್ಮ ಮುಂದೆ ಉಳಿದದ್ದು ಎರಡು ಮಿನಿ ಟ್ರ್ಯಾಕ್ಟರ್. ಒಂದು 27 ಎಚ್‌ಪಿ, ಇನ್ನೊಂದು 28. ಎರಡಕ್ಕೂ ಮೂರು ಸಿಲಿಂಡರ್, ಎರಡಕ್ಕೂ ನಾಲ್ಕು ಗಾಲಿಗೂ ಎಳೆತ, ಎರಡಕ್ಕೂ ಪವರ್ ಸ್ಟೀರಿಂಗ್. ಇಪ್ಪತ್ತೇಳರದು 750 ಕೆ.ಜಿ. ಎತ್ತುತ್ತೆ, ಇಪ್ಪತ್ತೆಂಟರದು 900 ಎತ್ತುತ್ತೆ ಅಂತ ಕಾಗದದಲ್ಲಿತ್ತು. ಬೆಲೆಯಲ್ಲಿ ಎಪ್ಪತ್ತು ಸಾವಿರ ವ್ಯತ್ಯಾಸ. "ಅಪ್ಪಾ, ಒಂದೇ ಸಲ ಕೊಳ್ಳೋದು, ಇಪ್ಪತ್ತೆಂಟೇ ಇರ್ಲಿ" ಅಂತ ಮಗ. ನನಗೂ ಒಂದು ಎಚ್‌ಪಿ ಜಾಸ್ತಿ ಅಂದರೆ ಒಂದು ಎತ್ತು ಜಾಸ್ತಿ ಅನ್ನೋ ಭ್ರಮೆ ಇತ್ತು.

ಕಂಪನಿಗಳ ಹೆಸರು ಬೇಕಂತಲೇ ಬರೆಯುತ್ತಿಲ್ಲ. ನಮ್ಮೂರಲ್ಲಿ ಗೆದ್ದದ್ದು ನಿಮ್ಮೂರಲ್ಲಿ ಸೋಲಬಹುದು. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತೆ.

ಮೊದಲು ಎಚ್‌ಪಿ ವಿಚಾರ. ಕಾಗದದಲ್ಲಿ ಬರೆಯೋದು ಇಂಜಿನ್ ಎಚ್‌ಪಿ. ರೋಟವೇಟರ್, ಸ್ಪ್ರೇಯರ್ ತಿರುಗಿಸುವುದು ಹಿಂದಿನ ಪಿಟಿಓ ದಂಡ. ಅಲ್ಲಿಗೆ ಬರುವಾಗ ನೂರಕ್ಕೆ ಹತ್ತು ಹದಿನೈದು ಪಾಲು ಸೋರಿ ಹೋಗಿರುತ್ತೆ. ಹಾಗಾಗಿ 27 ಮತ್ತು 28ರ ನಡುವಿನ ವ್ಯತ್ಯಾಸ ಕೆಲಸದಲ್ಲಿ ಒಂದು ಎಚ್‌ಪಿ ಕೂಡ ಉಳಿಯಲ್ಲ. ಮಧ್ಯಪ್ರದೇಶದ ಬುದ್ನಿಯಲ್ಲಿ ಟ್ರ್ಯಾಕ್ಟರ್ ಪರೀಕ್ಷೆ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಅಲ್ಲಿನ ವರದಿಯಲ್ಲಿ ಪಿಟಿಓ ಶಕ್ತಿ ಎಷ್ಟು, ಗಂಟೆಗೆ ಡೀಸೆಲ್ ಎಷ್ಟು, ಎಷ್ಟು ಭಾರ ಎತ್ತುತ್ತೆ ಅಂತ ಅಳೆದು ಬರೆದಿರ್ತಾರೆ. ಅಂಗಡಿಯವರನ್ನು ಆ ವರದಿ ಕೇಳಿ. ನಾವು ಕೇಳಿದಾಗ ಒಬ್ಬರು ತೋರಿಸಿದರು. ಇನ್ನೊಬ್ಬರು "ಅದೆಲ್ಲಾ ಯಾಕೆ ಯಜಮಾನ್ರೇ, ಕಾಫಿ ಕುಡೀರಿ" ಅಂದರು.

ಹೊಲದಲ್ಲಿ ಸೀಮೆಸುಣ್ಣದ ಪರೀಕ್ಷೆ

ಎರಡನ್ನೂ ನಮ್ಮ ಹೊಲಕ್ಕೆ ತರಿಸಿದೆವು. ರಸ್ತೆ ಮೇಲೆ ಓಡಿಸಿ ನೋಡಿದರೆ ಎಲ್ಲವೂ ಕುದುರೆಯೇ. ಹೊಲಕ್ಕೆ ತರಲ್ಲ ಅಂದವರ ಹತ್ತಿರ ಕೊಳ್ಳಬೇಡಿ.

ಹಿಂದಿನ ಗಾಲಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಏನೂ ಇಳಿಸದೆ ಖಾಲಿಯಾಗಿ ಹತ್ತು ಸುತ್ತು ಉರುಳಿಸಿ ದೂರ ಅಳೆಯಿರಿ. ಆಮೇಲೆ ಅದೇ ಜಾಗದಲ್ಲಿ, ಅದೇ ಗೇರಿನಲ್ಲಿ, ಐದು ಹಲ್ಲಿನ ಕಲ್ಟಿವೇಟರ್ ಇಳಿಸಿ ಮತ್ತೆ ಹತ್ತು ಸುತ್ತು. ದೂರ ಎಷ್ಟು ಕಮ್ಮಿ ಆಯಿತೋ ಅಷ್ಟು ಗಾಲಿ ಜಾರಿದೆ ಅಂತ ಲೆಕ್ಕ. ನೂರಕ್ಕೆ ಹದಿನೈದರವರೆಗೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಜಾರಿದರೆ ಡೀಸೆಲ್ಲೂ ಟೈರೂ ಸುಮ್ಮನೆ ಸವೆಯುತ್ತೆ.

ನಮ್ಮ ಒಣಗಿದ ಮಸಾರೆಯಲ್ಲಿ ಇಪ್ಪತ್ತೇಳು ಖಾಲಿ 95 ಅಡಿ ಹೋಯಿತು, ಕಲ್ಟಿವೇಟರ್ ಇಳಿಸಿದಾಗ 78. ನೂರಕ್ಕೆ ಹದಿನೆಂಟು ಜಾರಿತು. ಇಪ್ಪತ್ತೆಂಟು ಖಾಲಿ 97, ಇಳಿಸಿದಾಗ 83. ನೂರಕ್ಕೆ ಹದಿನಾಲ್ಕು. ಎಳೆಯುವುದರಲ್ಲಿ ಇಪ್ಪತ್ತೆಂಟೇ ಗಟ್ಟಿ, ಸುಳ್ಳು ಹೇಳಲ್ಲ. ಇದಕ್ಕೆ ಕಾರಣ ಎಚ್‌ಪಿ ಅಲ್ಲ, ತೂಕ. ಇಪ್ಪತ್ತೆಂಟರ ಮೈ ಇನ್ನೂರು ಕೆ.ಜಿ. ಭಾರ ಇತ್ತು.

ಮಿನಿ ಟ್ರ್ಯಾಕ್ಟರುಗಳಿಗೆ ತೋಟದ ಸಾಲಿನ ನಡುವೆ ಓಡಾಡೋದೇ ಹೆಚ್ಚಿನ ಕೆಲಸ. ಮೈ ಹಗುರ ಇದ್ದರೆ ಅಲ್ಲಿ ಲಾಭ. ನಮ್ಮಂಥ ಒಣ ಹೊಲದಲ್ಲಿ ಅದೇ ನಷ್ಟ. ಅಷ್ಟು ನೋಡಿ ಮಗ "ಹೇಳ್ಲಿಲ್ವಾ" ಅಂತ ನಕ್ಕ. ಇಪ್ಪತ್ತೆಂಟಕ್ಕೇ ಮುಂಗಡ ಕೊಡುವುದು ಅಂತ ಆಯಿತು.

2021ರ ಪುನರ್ವಸು

ಅವತ್ತು ರಾತ್ರಿ ನನಗೆ 2021ರ ಪುನರ್ವಸು ಮಳೆ ನೆನಪಾಯಿತು.

ಆಗ ನಮ್ಮ ಹತ್ತಿರ ಒಂದು ಹಳೇ ಟ್ರ್ಯಾಕ್ಟರ್ ಇತ್ತು. ಸೆಕೆಂಡ್ ಹ್ಯಾಂಡ್ ಅಂತ ಅಗ್ಗಕ್ಕೆ ಕೊಂಡಿದ್ದು. ಮಳೆ ಚೆನ್ನಾಗಿ ಬಿತ್ತು, ಬೀಜ ಸುಲಿದಿಟ್ಟಿದ್ದೆವು, ನಾಲ್ಕು ಎಕರೆ ಬಿತ್ತುವ ಹೊತ್ತಿಗೆ ಹೈಡ್ರಾಲಿಕ್ ಎತ್ತದೆ ನಿಂತಿತು. ಸೀಲ್ ಹೋಗಿತ್ತು. ಸಾಮಾನು ಸಿಗೋ ಊರು 70 ಕಿ.ಮೀ. ದೂರ. ಫೋನ್ ಮಾಡಿದರೆ ನಾಳೆ ಅಂದರು, ನಾಳಿದ್ದು ಅಂದರು. ಮೆಕ್ಯಾನಿಕ್ ಬಂದದ್ದು ಆರನೇ ದಿನ. ಬಾಡಿಗೆಗೆ ಬೇರೆ ಟ್ರ್ಯಾಕ್ಟರ್ ಕೇಳಿದರೆ ಎಲ್ಲರ ಹೊಲದಲ್ಲೂ ಅದೇ ಹದ, ಯಾರು ಬಿಟ್ಟು ಬರ್ತಾರೆ? ಮಸಾರೆ ನೆಲದಲ್ಲಿ ಹದ ನಿಲ್ಲೋದು ಮೂರು ದಿನ, ಮೋಡ ಇದ್ದರೆ ನಾಲ್ಕು. ಉಳಿದ ಐದು ಎಕರೆ ತಡವಾಗಿ ಬಿತ್ತಿದ್ದು ಹೊಟ್ಟಿಗೆ ಮಾತ್ರ ಆಯಿತು, ಕಾಯಿ ಕಟ್ಟಲಿಲ್ಲ. ನೂರಿನ್ನೂರು ರೂಪಾಯಿಯ ರಬ್ಬರ್ ಸೀಲಿಗೆ ಐದೆಕರೆ ಶೇಂಗಾ ಹೋಯಿತು.

ನೀರಾವರಿ ರೈತನಿಗೆ ಟ್ರ್ಯಾಕ್ಟರ್ ಒಂದು ವಾರ ನಿಂತರೆ ಕೆಲಸ ಒಂದು ವಾರ ಹಿಂದೆ ಬೀಳುತ್ತೆ. ಒಣಬೇಸಾಯದವನಿಗೆ ಒಂದು ವರ್ಷ ಹೋಗುತ್ತೆ.

ಮೂರು ಸಾಮಾನು, ಒಂದು ಭಾನುವಾರ

ಮಾರನೇ ದಿನ ಮಗನನ್ನು ಕರ್ಕೊಂಡು ಮತ್ತೆ ಹೊರಟೆ. ಈ ಸಲ ಶೋರೂಮಿಗೆ ಅಲ್ಲ, ಸಾಮಾನಿನ ಅಂಗಡಿಗೆ. ಒಂದು ಚೀಟಿಯಲ್ಲಿ ಮೂರೇ ಮೂರು ಬರೆದಿದ್ದೆ: ಡೀಸೆಲ್ ಫಿಲ್ಟರ್, ಕ್ಲಚ್ ಪ್ಲೇಟ್, ಹೈಡ್ರಾಲಿಕ್ ಸೀಲ್ ಕಿಟ್. ಇಪ್ಪತ್ತೆಂಟರ ಅಂಗಡಿ ಇರೋದು ನಮಗೆ 55 ಕಿ.ಮೀ. ದೂರದಲ್ಲಿ. ಅಲ್ಲಿ ಫಿಲ್ಟರ್ ಇತ್ತು, ಉಳಿದೆರಡು "ತರಿಸಿಕೊಡ್ತೀವಿ" ಆಯಿತು. ಇಪ್ಪತ್ತೇಳರ ಸಾಮಾನು ಎಂಟು ಕಿ.ಮೀ. ದೂರದ ಪೇಟೆಯಲ್ಲೇ ಮೂರೂ ಇದ್ದವು. ಹುಡುಗ ಡಬ್ಬಿ ಇಳಿಸಿ ಮೇಜಿನ ಮೇಲಿಟ್ಟ.

ಒಂದು ಭಾನುವಾರ ಬೆಳಿಗ್ಗೆ ಎರಡೂ ಕಡೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಒಂದು ನಂಬರು ಎತ್ತಲಿಲ್ಲ. ಇನ್ನೊಬ್ಬ ಎತ್ತಿದ, "ಯಾವೂರು ಅಣ್ಣಾ?" ಅಂದ. ಅವನ ಮನೆಗೇ ಹೋದೆವು. ಅಂಗಳದಲ್ಲಿ ಅದೇ ಇಪ್ಪತ್ತೇಳರ ಟ್ರ್ಯಾಕ್ಟರ್ ಒಂದನ್ನು ಬಿಚ್ಚಿ ಹಾಸಿದ್ದ. ಏನೇನು ಕೆಡುತ್ತೆ ಅಂತ ಮುಚ್ಚುಮರೆ ಇಲ್ಲದೆ ಹೇಳಿದ. ಮೂರು ವರ್ಷ ಓಡಿಸಿದವರ ಹೆಸರು ಕೊಟ್ಟ. ಅವರನ್ನೂ ಕಂಡೆವು. ಹೊಸದಾಗಿ ಕೊಂಡವರನ್ನು ಕೇಳಬೇಡಿ, ಅವರು ಇನ್ನೂ ಮದುವಣಿಗರು. ಮೂರು ವರ್ಷ ಬಾಳಿದವರು ನಿಜ ಹೇಳ್ತಾರೆ.

ಇಪ್ಪತ್ತೇಳನ್ನೇ ಕೊಂಡೆವು. ಹಗುರ ಅನ್ನುವ ದೋಷಕ್ಕೆ ಆ ಮೆಕ್ಯಾನಿಕ್ಕೇ ದಾರಿ ತೋರಿಸಿದ. ಹಿಂದಿನ ಎರಡೂ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿದ. ಸುಮಾರು ನೂರು ಕೆ.ಜಿ. ತೂಕ ಕೂಡಿತು. ಮತ್ತೆ ಸೀಮೆಸುಣ್ಣದ ಪರೀಕ್ಷೆ ಮಾಡಿದಾಗ 78 ಇದ್ದದ್ದು 82 ಅಡಿ ಆಯಿತು. ಆಳದ ಮಾಗಿ ಉಳುಮೆ ಇದರ ಕೈಲಿ ಆಗಲ್ಲ. ಅದಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ದೊಡ್ಡ ಟ್ರ್ಯಾಕ್ಟರ್ ಬಾಡಿಗೆಗೆ ತರ್ತೀವಿ. ಹಾಗೆ ಅಪರೂಪಕ್ಕೆ ಬರುವ ಕೆಲಸಕ್ಕೆ ದೊಡ್ಡದನ್ನೇ ಕೊಂಡು ಕಟ್ಟಿಕೊಳ್ಳುವುದು ಬೇಡ.

ಕಂತಿನ ಲೆಕ್ಕ

ಇದನ್ನು ಬರೆಯದೆ ಹೋದರೆ ಅರ್ಧ ಸತ್ಯ ಹೇಳಿದ ಹಾಗೆ. ಬ್ಯಾಂಕಿನ ಸಾಲ ಐದು ಲಕ್ಷ, ಐದು ವರ್ಷ. ವರ್ಷಕ್ಕೆ ಕಂತು 1,33,000 ಬೀಳುತ್ತೆ. ನಮ್ಮ ಒಂಬತ್ತು ಎಕರೆಗೆ ಮೊದಲು ಕೊಡುತ್ತಿದ್ದ ಬಾಡಿಗೆ ವರ್ಷಕ್ಕೆ ಸುಮಾರು 45,000. ಅದರಲ್ಲಿ ನಮ್ಮ ಡೀಸೆಲ್ 16,000 ಕಳೆದರೆ ಉಳಿತಾಯ 29,000 ಮಾತ್ರ. ವಿಮೆ, ಆಯಿಲ್, ರಿಪೇರಿ ಸೇರಿಸಿದರೆ ವರ್ಷಕ್ಕೆ 1,20,000 ಹೊರಗಿನಿಂದ ದುಡಿಯಬೇಕು. ಮಿನಿ ಟ್ರ್ಯಾಕ್ಟರಿಗೆ ನಮ್ಮಲ್ಲಿ ಗಂಟೆಗೆ 700 ಬಾಡಿಗೆ. ಖರ್ಚು ಕಳೆದು ಕೈಗೆ 400. ಅಂದರೆ ವರ್ಷಕ್ಕೆ ಮುನ್ನೂರು ಗಂಟೆ ಬೇರೆಯವರ ಹೊಲ ತೋಟದಲ್ಲಿ ದುಡಿಸಬೇಕು.

ಮೊದಲ ವರ್ಷ ನಮಗೆ ಸಿಕ್ಕಿದ್ದು 210 ಗಂಟೆ. ಅದರಲ್ಲೂ ಹೆಚ್ಚಿನದು ದಾಳಿಂಬೆ, ಅಡಿಕೆ ತೋಟದವರ ರೋಟವೇಟರ್ ಮತ್ತು ಔಷಧಿ ಹೊಡೆಯೋ ಕೆಲಸ. ಮೈ ಸಣ್ಣದು, ಸಾಲಲ್ಲಿ ಹಗುರಾಗಿ ತಿರುಗುತ್ತೆ ಅಂತ ಕರೀತಾರೆ. ಹೊಲದಲ್ಲಿ ದೋಷ ಆಗಿದ್ದ ಹಗುರ ತೋಟದಲ್ಲಿ ಗುಣ ಆಯಿತು. ಕಮ್ಮಿ ಬಿದ್ದ 36,000ಕ್ಕೆ ನಾಲ್ಕು ಕುರಿ ಮಾರಿ ಕಂತು ಕಟ್ಟಿದೆ. ಇಪ್ಪತ್ತೆಂಟು ಕೊಂಡಿದ್ದರೆ ಆ ಎಪ್ಪತ್ತು ಸಾವಿರಕ್ಕೆ ವರ್ಷಕ್ಕೆ ಇನ್ನೂ ಹದಿನೆಂಟು ಸಾವಿರದಷ್ಟು ಕಂತು. ಇನ್ನೆರಡು ಕುರಿ ಹೋಗ್ತಿದ್ದವು.

ಅದಕ್ಕೇ ನನ್ನ ಮಾತು: ಐದಾರು ಎಕರೆ ಒಣಬೇಸಾಯ ಇದ್ದು, ಹೊರಗೆ ಮುನ್ನೂರು ಗಂಟೆ ಕೆಲಸ ಸಿಗುವ ಧೈರ್ಯ ಇಲ್ಲದವರು ಒಬ್ಬರೇ ಟ್ರ್ಯಾಕ್ಟರ್ ಕೊಳ್ಳಬೇಡಿ. ಅಣ್ಣ ತಮ್ಮಂದಿರು, ಹೊಲದ ಪಕ್ಕದವರು ಸೇರಿ ಕೊಳ್ಳಿ. ಆದರೆ ಹದ ಬಂದಾಗ ಮೊದಲು ಯಾರ ಹೊಲ ಅನ್ನೋದನ್ನು ಕೊಳ್ಳುವ ಮುಂಚೆಯೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತನ್ನಿ. ಬಿತ್ತನೆ ಕಾಲದಲ್ಲಿ ಅಲ್ಲೂ ಸರದಿ ಇರುತ್ತೆ, ಮುಂಚೆಯೇ ಹೆಸರು ಬರೆಸಬೇಕು.

ಈಗ ಕೊಳ್ಳುವವರಿಗೆ ಒಂದು ಅನುಕೂಲ ಇದೆ. ನಾವು ಕೊಂಡಾಗ ಟ್ರ್ಯಾಕ್ಟರ್ ಮೇಲೆ ನೂರಕ್ಕೆ 12 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 5ಕ್ಕೆ ಇಳಿದಿದೆ. ಟೈರು, ಬಿಡಿಭಾಗಗಳ ಮೇಲೆ 18 ಇದ್ದದ್ದೂ 5 ಆಗಿದೆ. ಬಿಲ್ಲಿನಲ್ಲಿ ನೋಡಿ ದುಡ್ಡು ಕೊಡಿ. ಸಬ್ಸಿಡಿ ಇದೆಯಾ, ಎಷ್ಟು, ಯಾವ ಮಾಡೆಲ್‌ಗೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಆದರೆ ಸಬ್ಸಿಡಿ ಇದೆ ಅಂತಲೇ ಸಾಮಾನು ಸಿಗದ ಟ್ರ್ಯಾಕ್ಟರ್ ತರಬೇಡಿ. ಸಬ್ಸಿಡಿ ಒಂದು ಸಲ ಬರುತ್ತೆ, ಹದ ಪ್ರತಿ ವರ್ಷ ಬರುತ್ತೆ. ಓಡಿಸಲು, ಸಣ್ಣಪುಟ್ಟದ್ದು ಬಿಚ್ಚಿ ಹಾಕಲು ಕಲಿಯುವ ಹುಡುಗರಿಗೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಸಂಸ್ಥೆ ಇದೆ. ನಮ್ಮ ಕಡೆಯವರಿಗೆ ಅದೇನು ದೂರ ಅಲ್ಲ.

2025ರ ಬಿತ್ತನೆಯಲ್ಲಿ ನಮ್ಮ ಇಪ್ಪತ್ತೇಳೂ ಒಂದು ಸಲ ನಿಂತಿತು. ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿದೆ, ಹನ್ನೊಂದಕ್ಕೆ ಮೆಕ್ಯಾನಿಕ್ ಬೈಕಿನಲ್ಲಿ ಬಂದ, ಊಟದ ಹೊತ್ತಿಗೆ ಕೂರಿಗೆ ಓಡ್ತಿತ್ತು. ಒಂಬತ್ತು ಎಕರೆಯೂ ಹದದಲ್ಲೇ ಬಿತ್ತಿದೆವು. ಇಳುವರಿ ಮಳೆ ಕೊಟ್ಟಷ್ಟು ಬಂತು. ಅದು ಯಾವ ಟ್ರ್ಯಾಕ್ಟರಿನ ಕೈಲೂ ಇಲ್ಲ. ಇಪ್ಪತ್ತೆಂಟು ಬೇಕಿತ್ತು ಅಂತ ಮಗ ಆಮೇಲೆ ಅಂದಿಲ್ಲ. ನಿಮ್ಮೂರ ಹತ್ತಿರ ಇಪ್ಪತ್ತೆಂಟರ ಮೆಕ್ಯಾನಿಕ್ಕೇ ಇದ್ದರೆ ಇಪ್ಪತ್ತೆಂಟನ್ನೇ ತನ್ನಿ.

ಒಂದು ಕೆಲಸ ಮಾತ್ರ ಇನ್ನೂ ಬಗೆಹರಿದಿಲ್ಲ. ನಮ್ಮ ಶೇಂಗಾ ಸಾಲು ಒಂದಡಿ, ಟ್ರ್ಯಾಕ್ಟರಿನ ಟೈರು ಎಂಟು ಇಂಚಿನ ಮೇಲೆ. ಎಡೆಕುಂಟೆಗೆ ಇಳಿಸಿದರೆ ಗಿಡ ತುಳಿಯುತ್ತೆ. ಅದಕ್ಕೆ ಈಗಲೂ ಪಕ್ಕದ ಮನೆಯವರ ಎತ್ತೇ ಗತಿ. ನಮ್ಮದನ್ನು ಮಾರಿ ಟ್ರ್ಯಾಕ್ಟರಿಗೆ ಕೊಟ್ಟಾಯಿತು. ಸಾಲಿನ ಅಗಲ ಬದಲಿಸಿಯೋ, ಗಾಲಿ ಓಡುವ ಸಾಲು ಬಿಟ್ಟು ಬಿತ್ತಿಯೋ ಶೇಂಗಾದಲ್ಲಿ ಮಿನಿ ಟ್ರ್ಯಾಕ್ಟರಿಂದ ಎಡೆ ಹೊಡೆದವರು ಇದ್ದರೆ, ಇಳುವರಿ ಎಷ್ಟು ವ್ಯತ್ಯಾಸ ಆಯಿತು ಅನ್ನೋದನ್ನೂ ಸೇರಿಸಿ ದಯವಿಟ್ಟು ಇದೇ ಪತ್ರಿಕೆಗೆ ಬರೆಯಿರಿ.