ಮುಖಕ್ಕೆ ಮಣ್ಣು ಹಚ್ಚಿದವರನ್ನು ಕಂಡು ನಗಬೇಡಿ

ರಜೆಯ ದಿನ ರೂಮಿನಲ್ಲಿ ಮುಲ್ತಾನಿ ಮಿಟ್ಟಿ ಹಚ್ಚಿಕೊಂಡು ಕೂತರೆ "ಏನಪ್ಪಾ, ಮದುವೆ ಗೊತ್ತಾಯ್ತಾ?" ಎಂದು ಗೆಳೆಯರು ನಗುತ್ತಾರೆ. ಆ ನಗುವಿಗೆ ಅಂಜಿ ಎಷ್ಟೋ ಮಂದಿ ಉರಿಯುವ ಮುಖವನ್ನು ಹಾಗೆಯೇ ಬಿಡುತ್ತಾರೆ, ಇಲ್ಲವೇ ಯಾರೋ ಕೊಟ್ಟ ಸ್ಟೀರಾಯ್ಡ್ ಕ್ರೀಮನ್ನು ಗುಟ್ಟಾಗಿ ಹಚ್ಚುತ್ತಾರೆ. ಅದನ್ನು ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಮೊಡವೆ ಹೆಚ್ಚುತ್ತದೆ.

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ಉಳಿದ ಹೊತ್ತಿನ ಬೆವರು, ಧೂಳಿನಿಂದ ಮುಖ ಕಾಪಾಡಿಕೊಳ್ಳುವುದು ನಮ್ಮದೇ ಹೊಣೆ.

ಎಣ್ಣೆ ಮುಖದವರು ವಾರಕ್ಕೊಮ್ಮೆ ಮಿಟ್ಟಿಯನ್ನು ಬರೀ ನೀರಿನಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷದಲ್ಲಿ, ಪೂರ್ತಿ ಒಣಗುವ ಮೊದಲೇ ತೊಳೆಯಿರಿ. ನಿಂಬೆರಸ ಬೇಡ. ಗಾಯ, ಬಿರುಕು ಇದ್ದರೆ ಮಣ್ಣೂ ಬೇಡ, ಡಾಕ್ಟರರಿಗೆ ತೋರಿಸಿ.

ಊರಿನವರು ವಿಡಿಯೋ ಕಾಲಿನಲ್ಲಿ ಕಾಯುವುದು ಈ ಮುಖಕ್ಕೇ ತಾನೆ?