ನಡೆದು ತಿಳಿಯುವ ನೆಲ

2014ರಲ್ಲಿ ಡೆನ್ಮಾರ್ಕಿನ ಲೂಯಿಸಿಯಾನಾ ಕಲಾ ಸಂಗ್ರಹಾಲಯದ ಕೋಣೆಗಳೊಳಗೆ ಓಲಾಫುರ್ ಎಲಿಯಾಸನ್ ಅವರು ಕಲ್ಲು ಸುರಿಸಿ, ನಡುವೆ ಸಣ್ಣ ತೊರೆಯೊಂದನ್ನು ಹರಿಸಿದರು. ಕೃತಿಯ ಹೆಸರು 'ರಿವರ್‌ಬೆಡ್', ಎಂದರೆ ಹೊಳೆಯ ಪಾತ್ರ. ನೋಡಬಂದವರು ಕಾಲಿಗೆ ನೆಲೆ ಹುಡುಕುತ್ತ ಕಲ್ಲುಗಳ ಮೇಲೆ ನಡೆಯಬೇಕಾಯಿತು.

ಹೊರಗೆ ಹೊಳೆಗಳಿರುವಾಗ ಒಳಗೇಕೆ ಈ ಚಮತ್ಕಾರ ಎಂದು ಕೇಳಬಹುದು. ಪ್ರಶ್ನೆ ಸಾಧುವೇ. ಆದರೆ ದಿನವೂ ಕಣ್ಣೆದುರಿಗಿರುವುದನ್ನು ನಾವು ನೋಡುವುದನ್ನೇ ಬಿಟ್ಟಿರುತ್ತೇವೆ. ಸ್ಥಳ ಪಲ್ಲಟವಾದಾಗ ಅದೇ ವಸ್ತು ಹೊಸದಾಗಿ ಕಾಣುತ್ತದೆ. ಕಾವ್ಯವು ಮಾತಿಗೆ ಮಾಡುವುದೂ ಇದನ್ನೇ.

ಕಾಸರಗೋಡಿನವರಾದ ನಮಗೆ ಈ ವಿಚಾರ ದೂರದ್ದಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ಒರತೆಯನ್ನು ಹೊರತರುವ ಸುರಂಗ, ಮಳೆನೀರು ತಂಗುವ ಮದಕ, ತೋಡಿಗೆ ಹಾಕುವ ಕಟ್ಟ, ಇವೆಲ್ಲ ನೀರಿನ ನಡೆಯನ್ನು ಬಲ್ಲವರ ನಿರ್ಮಿತಿಗಳು. ಕೊಳವೆಬಾವಿ ಬಂದ ಮೇಲೆ ಎಷ್ಟೋ ಸುರಂಗಗಳು ಹಾಳುಬಿದ್ದಿವೆ. ಮಣ್ಣು ಕುಸಿದ ಸುರಂಗವನ್ನು ಮತ್ತೆ ತೆರೆಯಬಹುದು. ಅದರ ಹೆಸರೇ ಮರೆತುಹೋದರೆ ತೆರೆಯಬೇಕೆಂದು ತೋರುವುದೂ ಇಲ್ಲ.

ಆದುದರಿಂದ ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರಿಂದ ನೀರಿನ ಪದಗಳನ್ನು ಕೇಳಿ, ಆಯಾ ಸ್ಥಳಕ್ಕೆ ನಡೆದುಹೋಗಿ ನೋಡಿ, ಬರೆದಿಡಬೇಕು. ಪರೀಕ್ಷೆಗೆ ಬಾರದ ಈ ಪಾಠವನ್ನು ಕಲಿಸಬಲ್ಲವರು ಇನ್ನು ಬಹುಕಾಲ ನಮ್ಮೊಡನಿರಲಾರರು.