ನ್ಯಾಯಮೂರ್ತಿಯ ಗಿಡಪಟ್ಟಿ

ಹರ್ಬರ್ಟ್ ಮಿಲ್ಸ್ ಬರ್ಡ್‌ವುಡ್ ಎಂದರೆ ಇಂದು ಬೆಳಗಾವಿಯಲ್ಲೂ ಯಾರೆಂದು ಕೇಳುವವರೇ ಹೆಚ್ಚು. ಅವರು ಹುಟ್ಟಿದ್ದು ಅದೇ ಊರಿನಲ್ಲಿ, 1837ರ ಮೇ 29ರಂದು. ಇನ್ನೂರು ವರ್ಷ ತುಂಬುವ ದಿನ ದೂರವಿಲ್ಲ. ದೋಹಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜು, ಗೋದಾಮು, ಕ್ಯಾಂಪುಗಳ ನಡುವೆ ಕುಳಿತು ಬ್ರಿಟಿಷ್ ಜಡ್ಜ್ ಸಾಹೇಬರ ಜಮಾಖರ್ಚು ನೋಡುವುದೇಕೆ ಎಂದು ಕೇಳಬಹುದು. ಕಾರಣವಿದೆ.

ಖರ್ಚಾಗಿ ಹೋದದ್ದನ್ನು ಮೊದಲು ಹೇಳಿಬಿಡೋಣ. ತಂದೆ ಸೈನ್ಯದ ಅಧಿಕಾರಿ. ಮಗನ ಓದು ಎಡಿನ್‌ಬರೊ, ಕೇಂಬ್ರಿಜ್‌ಗಳಲ್ಲಿ. 1859ರಲ್ಲಿ ಸಿವಿಲ್ ಸರ್ವಿಸ್ ಸೇರಿ ಮುಂಬಯಿಗೆ ಬಂದರು. 1881ರಲ್ಲಿ ಸಿಂಧ್‌ನ ಜುಡಿಷಿಯಲ್ ಕಮಿಷನರ್, 1885ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ, 1892ರಿಂದ ಗವರ್ನರ್ ಕೌನ್ಸಿಲ್ ಸದಸ್ಯ. 1895ರ ಫೆಬ್ರವರಿಯಲ್ಲಿ ಹೊಸ ಗವರ್ನರ್ ಬಂದಿಳಿಯುವವರೆಗೆ ಎರಡು-ಮೂರು ದಿನ ಅವರೇ ಹಂಗಾಮಿ ಗವರ್ನರ್! 1907ರಲ್ಲಿ ಟ್ವಿಕನ್‌ಹ್ಯಾಮ್‌ನಲ್ಲಿ ತೀರಿಕೊಂಡರು. ಇಷ್ಟು ಪದವಿಗಳಲ್ಲಿ ಒಂದೂ ಜನರ ನಾಲಗೆಯ ಮೇಲೆ ಉಳಿಯಲಿಲ್ಲ.

ಉಳಿದದ್ದು ಗಿಡಗಳ ಒಂದು ಪಟ್ಟಿ. 1883ರಲ್ಲಿ ಮುಂಬಯಿಯ ಎಂಟು ಮಂದಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದರು. ಆತ್ಮಾರಾಮ್ ಪಾಂಡುರಂಗ, ಸಖಾರಾಮ್ ಅರ್ಜುನ್ ಎಂಬ ಇಬ್ಬರು ಭಾರತೀಯ ವೈದ್ಯರೂ ಆ ಎಂಟರಲ್ಲಿದ್ದರು. 1886ರಲ್ಲಿ ಸೊಸೈಟಿಯ ಪತ್ರಿಕೆ ಶುರುವಾದಾಗ ಮಾಥೇರಾನ್ ಮತ್ತು ಮಹಾಬಲೇಶ್ವರದ ಸಸ್ಯಗಳ ಯಾದಿಯನ್ನು ಅದಕ್ಕೆ ಕೊಟ್ಟವರು ಈ ಬರ್ಡ್‌ವುಡ್. ಹನ್ನೊಂದು ವರ್ಷ ಬಿಟ್ಟು, 1897ರಲ್ಲಿ, ಅದನ್ನೇ ತಿದ್ದಿ ಬೆಳೆಸಿ ಮತ್ತೆ ಅಚ್ಚು ಹಾಕಿಸಿದರು. ನಮಗೆ ಹಿಡಿಸುವುದು ಈ ಎರಡನೆಯ ಸಲದ ದುಡಿಮೆ. ಹೊಸತರ ಹುರುಪಿನಲ್ಲಿ ಪಟ್ಟಿ ಮಾಡುವವರು ಬಹಳ. ಕೌನ್ಸಿಲಿನ ಕಡತಗಳ ನಡುವೆಯೂ ಹಳೆಯ ಪಟ್ಟಿಗೆ ಮರಳಿ ಕೂರುವವರು ಅಪರೂಪ. ನೂರಮೂವತ್ತು ವರ್ಷಗಳ ಹಿಂದೆ ಆ ಗುಡ್ಡಗಳ ಮೇಲೆ ಏನೇನು ಬೆಳೆಯುತ್ತಿತ್ತು ಎಂದು ಕೇಳಿದವರಿಗೆ ಇವತ್ತು ತೋರಿಸಲು ಒಂದು ಲಿಖಿತ ದಾಖಲೆ ಇದೆ.

ಹಾಗೆಂದು ಹಾರ ಹಾಕಿ ಕೂರಬೇಕಿಲ್ಲ. ಮಾಥೇರಾನ್ ಗಿರಿಧಾಮವಾದದ್ದೇ 1850ರ ನಂತರ, ಸಾಹೇಬರ ಬೇಸಿಗೆಗಾಗಿ. ಅಲ್ಲಿನ ಥಾಕೂರರು, ಕಾತಕರಿಗಳು, ಧನಗರರು ಆ ಗಿಡಗಳನ್ನು ಅವರಿಗಿಂತ ಎಷ್ಟೋ ಮೊದಲೇ ಬಲ್ಲವರು. ಪತ್ರಿಕೆಯಲ್ಲಿ ಹೆಸರು ಬಂದದ್ದು ಮಾತ್ರ ಸಾಹೇಬರದು. ಕನ್ನಡನಾಡಿಗೂ ಬರ್ಡ್‌ವುಡ್ಡರಿಗೂ ಹುಟ್ಟಿನ ನಂಟೇ ಹೊರತು ಕೆಲಸದ ನಂಟಲ್ಲ. ಆ ಲೆಕ್ಕದಲ್ಲಿ ಕಾರವಾರದ ಟಿ.ಆರ್. ಬೆಲ್ ದೊಡ್ಡವರು: ಅರಣ್ಯ ಇಲಾಖೆಯಿಂದ ನಿವೃತ್ತರಾದ ಮೇಲೂ ಉತ್ತರ ಕನ್ನಡ ಬಿಡದೆ, ಕಂಬಳಿಹುಳು ಸಾಕಿ ಚಿಟ್ಟೆ-ಪತಂಗಗಳ ಬದುಕು ಬರೆದಿಟ್ಟು, 1948ರಲ್ಲಿ ಅಲ್ಲೇ ಕಣ್ಣು ಮುಚ್ಚಿದವರು.

ಕೊಲ್ಲಿಗೆ ಹತ್ತಿರವಾದವರು ಹರ್ಬರ್ಟರ ಅಣ್ಣ. 1832ರಲ್ಲಿ ಬೆಳಗಾವಿಯಲ್ಲೇ ಹುಟ್ಟಿದ ವೈದ್ಯ ಜಾರ್ಜ್ ಬರ್ಡ್‌ವುಡ್ ಲೋಬಾನದ ಮರಗಳ ಬೆನ್ನು ಹತ್ತಿದವರು. ಲೋಬಾನ ಕೊಡುವ ಬಾಸ್ವೆಲಿಯ ಕುಲದ ಮೂರು ಜಾತಿಗಳಿಗೆ ಸಸ್ಯಶಾಸ್ತ್ರದ ಹೆಸರು ಇಟ್ಟವರೂ ಅವರೇ. ದೋಹಾದ ಅಂಗಡಿಗಳಲ್ಲಿ ಲೋಬಾನದ ಹೊಗೆ ಏಳುವಾಗ ಬೆಳಗಾವಿಯನ್ನು ನೆನೆಯಲು ನಮಗೆ ಹಕ್ಕಿದೆ. ಇದೇ ಜಾರ್ಜ್ ಬುದ್ಧನ ವಿಗ್ರಹವನ್ನು ಹೀಗಳೆದು ಮಾತಾಡಿ ಹೆಸರು ಕೆಡಿಸಿಕೊಂಡದ್ದೂ ಉಂಟು. ಗಿಡ ನೋಡುವ ಕಣ್ಣು ಶಿಲ್ಪ ನೋಡುವಲ್ಲಿ ಕೈಕೊಟ್ಟಿತು.

ಈಗ ನಮ್ಮ ವಿಷಯ. ರಜೆಯ ಗುಡ್ಡ ನಮಗಿಲ್ಲ, ವಾರದ ರಜೆಯ ಶುಕ್ರವಾರವಿದೆ. ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಹಗಲು ಹತ್ತರಿಂದ ಮೂರೂವರೆಯವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ಕಾನೂನು ಇರುವ ನೆಲ ಇದು. ಇಲ್ಲೂ ಎಕ್ಕೆ ಬೆಳೆಯುತ್ತದೆ, ನಾವು ಬಳ್ಳಾರಿ ಜಾಲಿ ಎನ್ನುವ ಮರ ಬೆಳೆಯುತ್ತದೆ. ಅರಬರ ಸಿದ್ರ್ ನಮ್ಮ ಬೋರೆಯ ದಾಯಾದಿ. ಗೊರವಂಕ ಕ್ಯಾಂಪಿನ ಅಂಗಳಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ಚಂದ್ರಮುಕುಟವನ್ನು ನೋಡಬಹುದು. ಕತಾರ್ ನ್ಯಾಚುರಲ್ ಹಿಸ್ಟರಿ ಗ್ರೂಪ್ 1978ರಿಂದ ಇಂಥವನ್ನು ನೋಡುತ್ತ ಬಂದಿದೆ. ಆದರೆ ಕಾರ್ಖಾನೆ ಬೀದಿಗಳ ಗಿಡಗಳನ್ನು ದಿನವೂ ಹಾದು ಹೋಗುವವರು ಇಲ್ಲಿ ದುಡಿಯುವವರೇ. ಅವರಷ್ಟು ಚೆನ್ನಾಗಿ ಬರೆಯಬಲ್ಲವರು ಬೇರೆ ಯಾರು?

ಕನ್ನಡದ ಗೆಳೆಯರಲ್ಲಿ ಇಷ್ಟೇ ಕೋರಿಕೆ: ಕಂಡ ಗಿಡ, ಕಂಡ ಹಕ್ಕಿಯ ಹೆಸರನ್ನು ಊರಲ್ಲಿ ಕರೆಯುವಂತೆಯೇ ಬರೆದು, ಪಕ್ಕದಲ್ಲಿ ತಾರೀಖು ಮತ್ತು ಸ್ಟ್ರೀಟ್ ನಂಬರ್ ಹಾಕಿಡಿ.